ಸೊನ್ನೆಯೊಂದರ ಅಂತರ

ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂಬ ಗಾದೆಯಲ್ಲಿ ಎರಡು ಪದಗಳನ್ನು ಬೇರ್ಪಡಿಸುವುದು ಒಂದು ಸೊನ್ನೆ ಮಾತ್ರ. ವ್ಯುತ್ಪತ್ತಿಯ ದೃಷ್ಟಿಯಿಂದ ಅವೆರಡಕ್ಕೂ ನಂಟಿಲ್ಲ. ಚಿತೆಯು ಒಟ್ಟು, ಪೇರಿಸು ಎಂಬರ್ಥದ ಸಂಸ್ಕೃತ ಧಾತುವಿನಿಂದಲೂ ಚಿಂತೆಯು ಆಲೋಚಿಸು ಎಂಬರ್ಥದ ಬೇರೊಂದು ಧಾತುವಿನಿಂದಲೂ ಬಂದಿವೆ. ಆದರೆ ಖಿನ್ನತೆಯ ಒಳನಡೆಯನ್ನು ತಿಳಿಯಲು ಗಾದೆಯ ಉರಿಗಿಂತ ಚಿತೆಯ ಈ ಮೂಲಾರ್ಥವೇ, ಎಂದರೆ ಒಂದರ ಮೇಲೊಂದು ಪೇರಿಸಿದ ಸೌದೆಯೇ, ಹೆಚ್ಚು ನೆರವಾಗುತ್ತದೆ.

ಎಲ್ಲ ಚಿಂತೆಯೂ ಖಿನ್ನತೆಯಲ್ಲ. ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿದ್ದು ಅಥವಾ ಯಾವುದರಲ್ಲೂ ಆಸಕ್ತಿ ಉಳಿಯದೆ, ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆಗಳು ಏರುಪೇರಾಗಿ, ತಾನು ನಿಷ್ಪ್ರಯೋಜಕ ಎಂಬ ಭಾವ, ಕೆಲವೊಮ್ಮೆ ಸಾವಿನ ಯೋಚನೆ ಕಾಡುವ ಸ್ಥಿತಿಯನ್ನು ವೈದ್ಯಶಾಸ್ತ್ರ ಖಿನ್ನತೆ ಎಂದು ಗುರುತಿಸುತ್ತದೆ. ಇದರಲ್ಲಿ ಚಿಂತೆಯು ಮೆಲುಕಿನ ರೂಪ ತಾಳುತ್ತದೆ. ಹಸುವಿನ ಮೆಲುಕು ಮೇವನ್ನು ಅರಗಿಸಿದರೆ, ಈ ಮೆಲುಕು ಏನನ್ನೂ ಅರಗಿಸುವುದಿಲ್ಲ.

1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಖಿನ್ನತೆಯುಳ್ಳವರಲ್ಲಿ ತಮ್ಮ ಬಗ್ಗೆ, ಲೋಕದ ಬಗ್ಗೆ, ನಾಳೆಯ ಬಗ್ಗೆ ಕರಾಳ ಯೋಚನೆಗಳು ತಾವಾಗಿಯೇ ಹಾಯುತ್ತಿರುವುದನ್ನು ಗಮನಿಸಿ, ಅವುಗಳನ್ನು ಮಾತಿಗೆ ತಂದು ಪರೀಕ್ಷಿಸುವ ಅರಿವಿನ ಚಿಕಿತ್ಸೆಯನ್ನು ರೂಪಿಸಿದರು. ಸಾರಿಗೆ ಉಪ್ಪು ಹೆಚ್ಚಾದ ದಿನ ಗೃಹಿಣಿಯೊಬ್ಬಳಿಗೆ ‘ಕೈಲಾಗದವಳು’ ಎನ್ನಿಸುತ್ತದೆ. ಅದರ ಮೇಲೆ ‘ಮನೆಯವರಿಗೆಲ್ಲ ಭಾರ’, ಅದರ ಮೇಲೆ ‘ಇದ್ದೇನು ಪ್ರಯೋಜನ’ ಎಂದು ಸೌದೆ ಏರುತ್ತ ಹೋಗುತ್ತದೆ. ಆಪ್ತಸಮಾಲೋಚಕರು ಅವಳನ್ನು ಹೊಗಳುವುದೂ ಇಲ್ಲ, ಗದರುವುದೂ ಇಲ್ಲ. ‘ಈ ವಾರ ಎಷ್ಟು ಹೊತ್ತಿನ ಅಡುಗೆ ಮಾಡಿದಿರಿ, ಎಷ್ಟು ಕೆಟ್ಟಿತು?’ ಎಂದು ಕೇಳಿ, ಒಂದು ಕೊರಡನ್ನು ಹೊರಗೆಳೆದು ಅವಳ ಕೈಗೇ ಕೊಡುತ್ತಾರೆ.

ಮಾತಿನಷ್ಟೇ ಮುಖ್ಯವಾದದ್ದು, ಬಿಟ್ಟುಹೋದ ಚಟುವಟಿಕೆಗಳನ್ನು ಸಣ್ಣ ಪ್ರಮಾಣದಲ್ಲಿ ಮರಳಿ ಹಿಡಿಸುವುದು. ಉತ್ಸಾಹ ಬಂದ ಮೇಲೆ ಕೆಲಸ ಎಂಬ ಲೋಕರೂಢಿಯನ್ನು ಈ ವಿಧಾನ ತಲೆಕೆಳಗು ಮಾಡುತ್ತದೆ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ಈ ಕ್ರಮವನ್ನು ಅನುಸರಿಸಿದಾಗ ತೀವ್ರ ಖಿನ್ನತೆಯವರಲ್ಲೂ ಗಣನೀಯ ಸುಧಾರಣೆ ಕಂಡಿತು. ಜಿಂಬಾಬ್ವೆಯ ಶೋನಾ ಭಾಷಿಕರು ಇಂಥ ಬೇನೆಯನ್ನು ‘ಕುಫುಂಗಿಸಿಸ’, ಎಂದರೆ ‘ಅತಿಯಾದ ಯೋಚನೆ’, ಎನ್ನುತ್ತಾರೆ; ಅಲ್ಲಿನ ಹರಾರೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ ತರಬೇತಿ ಕೊಟ್ಟ ಅಜ್ಜಿಯರು ಆಸ್ಪತ್ರೆಯ ಅಂಗಳದ ಬೆಂಚಿನ ಮೇಲೆ ಕುಳಿತು ಅದನ್ನು ಕೇಳಿಸಿಕೊಳ್ಳುತ್ತಾರೆ. ಗಾದೆ ಕನ್ನಡದ್ದಾದರೂ ಬೇನೆ ಕನ್ನಡದ್ದಷ್ಟೇ ಅಲ್ಲ.

ಈ ಗಾದೆಯನ್ನು ‘ಚಿಂತೆ ಬಿಡು’ ಎಂಬ ಅಪ್ಪಣೆಯಾಗಿ ಬಳಸುವುದು ಮಾತ್ರ ತಪ್ಪು. ಚಿಂತೆ ಸುಡುತ್ತದೆ ಎಂದಿತೇ ಹೊರತು, ಸುಡಿಸಿಕೊಂಡವರೇ ಬೆಂಕಿ ಹಚ್ಚಿಕೊಂಡರೆಂದು ಗಾದೆ ಹೇಳಲಿಲ್ಲ. ಖಿನ್ನತೆ ತೀವ್ರವಾಗಿದ್ದಾಗ ಮಾತಿನ ಜೊತೆಗೆ ಔಷಧಿಯೂ ಬೇಕಾಗಬಹುದು; ಅದನ್ನು ವೈದ್ಯರು ನಿರ್ಧರಿಸಬೇಕು. ಮೊದಲ ಮಾತಿಗಾದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯಿದೆ: ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.