ನೆರೆಯವರ ಧರ್ಮವನ್ನು ಅರಿಯುವ ಬಗೆ

ಹಾನಗಲ್ಲು, ಸವಣೂರು ಸೀಮೆಯಲ್ಲಿ ಜೈನರೂ ಮುಸಲ್ಮಾನರೂ ತಲೆಮಾರುಗಳಿಂದ ನೆರೆಹೊರೆಯವರು. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಆದರೂ ಇಸ್ಲಾಮಿನ ತಳಹದಿಯನ್ನು ಬಲ್ಲವರು ನಮ್ಮಲ್ಲಿ ವಿರಳ.

ದೇವನೊಬ್ಬನೇ, ಮುಹಮ್ಮದರು ಆತನ ಪ್ರವಾದಿ ಎಂಬ ಸಾಕ್ಷ್ಯ, ನಮಾಜು, ಜಕಾತ್, ರಂಜಾನಿನ ಉಪವಾಸ, ಹಜ್ ಯಾತ್ರೆ ಇವು ಅದರ ಪಂಚಸ್ತಂಭಗಳು. ಸುನ್ನಿ ಶಾಸ್ತ್ರಜ್ಞರು ಧರ್ಮವಿಧಿಗೆ ನಾಲ್ಕು ಆಧಾರಗಳನ್ನು ಹೇಳುತ್ತಾರೆ: ಕುರಾನ್, ಪ್ರವಾದಿಗಳ ನಡೆನುಡಿಯಾದ ಸುನ್ನತ್, ವಿದ್ವಾಂಸರ ಒಮ್ಮತವಾದ ಇಜ್ಮಾ, ಸಾದೃಶ್ಯದಿಂದ ನಿರ್ಣಯಿಸುವ ಕಿಯಾಸ್. ಕುರಾನ್ ಮದ್ಯವನ್ನು ನಿಷೇಧಿಸಿತು. ನಿಷೇಧಕ್ಕೆ ಕಾರಣ ಅಮಲೆಂದು ಅರಿತ ಶಾಸ್ತ್ರಜ್ಞರು ಇತರ ಮಾದಕ ವಸ್ತುಗಳನ್ನೂ ವರ್ಜ್ಯವೆಂದರು. ಗ್ರಂಥವು ಮೌನವಾದಲ್ಲಿ ಕಾರಣವನ್ನು ಅರಸುವ ಈ ಕ್ರಮ ನಮಗೂ ಅಪರಿಚಿತವಲ್ಲ. ಹೊಸ ಆಹಾರವೊಂದು ಬಂದಾಗ ಅದರಲ್ಲಿ ಜೀವಹಿಂಸೆ ಎಷ್ಟೆಂದು ವಿಚಾರಿಸಿಯೇ ಶ್ರಾವಕರು ಭಕ್ಷ್ಯಾಭಕ್ಷ್ಯವನ್ನು ನಿರ್ಣಯಿಸುತ್ತಾರೆ.

ಹಾಗೆಂದು ಎಲ್ಲವೂ ಒಂದೇ ಎನ್ನಲಾಗದು. ನಾವು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ, ಪ್ರಾಣಿಬಲಿಯನ್ನೂ ಒಪ್ಪುವುದಿಲ್ಲ. ಭೇದವನ್ನು ಮುಚ್ಚಿಡುವುದು ಅನೇಕಾಂತವಲ್ಲ. ಆದರೆ ಪರರ ಮಾತನ್ನು ಅವರ ನೆಲೆಯಿಂದ ತಿಳಿಯದೆಯೇ ಖಂಡಿಸುವುದು ಏಕಾಂತವೇ ಸರಿ. ಅದು ವಾಚಿಕ ಹಿಂಸೆಯೂ ಹೌದು.

ಮುಸಲ್ಮಾನರಾಗಿ ಹುಟ್ಟಿದ ಶಿಶುನಾಳ ಷರೀಫ ಸಾಹೇಬರು (1819–1889) ಗೋವಿಂದ ಭಟ್ಟರ ಶಿಷ್ಯರಾದದ್ದು ಇದೇ ಶಿಗ್ಗಾವಿ ಸೀಮೆಯಲ್ಲಿ. ನಮ್ಮ ಬಸದಿಗಳ ಸ್ವಾಧ್ಯಾಯಕ್ಕೂ ಒಂದು ದಿನ ನೆರೆಯ ಮೌಲವಿಗಳನ್ನು ಆಮಂತ್ರಿಸಿ, ಮೊದಲು ಕೇಳೋಣ. ಭಿನ್ನಾಭಿಪ್ರಾಯವನ್ನು ಆಮೇಲೆ ವಿನಯದಿಂದ ಹೇಳೋಣ.