ನಿನ್ನ ಒಳ್ಳೆಯದಕ್ಕೇ

ಅಕ್ಕಿಪೇಟೆಯಲ್ಲಿ ಈಗ ಅಕ್ಕಿಗಿಂತ ಬೇರೆ ಸಾಮಾನಿನ ವ್ಯಾಪಾರವೇ ಹೆಚ್ಚು. ನಾನು ಮದುವೆಯಾಗಿ ಇಲ್ಲಿಗೆ ಬಂದಾಗ ಕೆಲವು ಮಂಡಿಗಳಾದರೂ ಉಳಿದಿದ್ದವು. ಬೆಳಗಾಗುತ್ತಿದ್ದಂತೆ ಲಾರಿಗಳು ಬಂದು ನಿಲ್ಲುತ್ತಿದ್ದವು. ಹಮಾಲಿಗಳು ಹೆಗಲಿಗೆ ಒಂದು ಗೋಣಿತಾಟು ಹಾಕಿಕೊಂಡು ಮೂಟೆ ಇಳಿಸುತ್ತಿದ್ದರು. ಅಕ್ಕಿಯ ಹುಡಿ ಎದ್ದು ನಮ್ಮ ಮಹಡಿಯ ಕಿಟಕಿ ಸರಳುಗಳ ಮೇಲೆ ಬೆಳ್ಳಗೆ ಕೂರುತ್ತಿತ್ತು. ದಿನಾ ಒರೆಸುವುದೇ ಒಂದು ಕೆಲಸ. ಆ ಕಿಟಕಿಯಿಂದ ಎಷ್ಟು ವರ್ಷ ಬೀದಿ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಮೂಟೆ ಹೊರುವವನಿಗೆ ಹೆಗಲೆಂಬುದೊಂದಿದೆ ಎಂದು ನನಗೆ ತೋರಿಸಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಆಗ ನಾನು ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಹುಡುಗರೂ ಹುಡುಗಿಯರೂ ಕೂಡಿ ಓದುವ ಶಾಲೆ. ವರ್ಷಕ್ಕೊಂದು ಕೈಬರಹದ ಪತ್ರಿಕೆ ತರುವುದು ನನ್ನ ಪಾಲಿನ ಕೆಲಸ. ಸುಲ್ತಾನ್‌ಪೇಟೆಯಿಂದ ದಪ್ಪ ಕಾಗದ ತಂದು, ದುಂಡಗೆ ಬರೆಯುವ ಮಕ್ಕಳಿಂದ ಬರೆಸಿ, ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿ ರಟ್ಟಿಗೆ ಚಿತ್ರ ಬಿಡಿಸಿ, ದಾರ ಹಾಕಿ ಹೊಲಿಸುತ್ತಿದ್ದೆವು. ವಾರ್ಷಿಕೋತ್ಸವದ ದಿನ ಬಂದ ಅತಿಥಿಗಳು ಎರಡು ಹಾಳೆ ತಿರುವಿ 'ಭೇಷ್' ಎಂದರೆ ನಮಗೆ ಅಷ್ಟೇ ಸಂತೋಷ.

1998ರ ಸಂಚಿಕೆಗೆ ಈ ಹುಡುಗಿ ಒಂದು ಪದ್ಯ ತಂದುಕೊಟ್ಟಳು. ಅವಳ ತಂದೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ಮನೆ ನಮ್ಮ ಹಿಂದಿನ ಗಲ್ಲಿಯಲ್ಲೇ. ಪದ್ಯದಲ್ಲಿ ಅವಳು ಕಿಟಕಿಯಲ್ಲಿ ನಿಂತು ಒಬ್ಬ ಹರೆಯದ ಹಮಾಲಿಯನ್ನು ನೋಡುತ್ತಾಳೆ. ಮೂಟೆ ಇಳಿಸಿದ ಮೇಲೆ ಅವನ ಹೆಗಲ ಮೇಲೆ ಹುಡಿ, ಹುಡಿಯ ಮೇಲೆ ಬೆವರು ಹರಿದ ಒಂದು ಗೆರೆ. ಆ ಗೆರೆಯ ಹಿಂದೆ ಅವಳ ಕಣ್ಣು ಹೋಗುತ್ತದೆ. ನಾಲ್ಕು ಸಾಲು, ಅಷ್ಟೆ. ಅರ್ಥ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ಮಾತುಗಳು ನೆನಪಿಲ್ಲ, ಏಕೆಂದರೆ ಅವುಗಳ ಮೇಲೆ ಕೆಂಪು ಶಾಯಿ ಎಳೆದವಳು ನಾನೇ. ಬರೀ ಎಳೆದಿದ್ದರೆ ಹೋಗಲಿ, ಆ ಜಾಗದಲ್ಲಿ ದುಡಿಮೆಯೇ ದೇವರು ಎಂಬ ಅರ್ಥದ ನಾಲ್ಕು ಸಾಲು ನಾನೇ ಹೊಸೆದು ಸೇರಿಸಿ, 'ಶ್ರಮಜೀವಿ' ಎಂದು ಹೆಸರಿಟ್ಟೆ.

"ಮಿಸ್, ಹೆಗಲು ಯಾಕೆ ಬೇಡ?" ಎಂದು ಕೇಳಿದಳು.

"ನಿನ್ನ ಒಳ್ಳೆಯದಕ್ಕೇ ಕಣೇ, ಮುಂದೆ ಗೊತ್ತಾಗತ್ತೆ" ಎಂದೆ.

ಅದೇ ಸಂಚಿಕೆಯಲ್ಲಿ ಒಬ್ಬ ಹುಡುಗನ ಪದ್ಯವಿತ್ತು. ಜಡೆ, ಜಡೆಯಲ್ಲಿ ಮಲ್ಲಿಗೆ, ನಡೆದರೆ ಜಡೆ ಓಲಾಡುವ ಸೊಗಸು. ಅದಕ್ಕೆ ನಾನು ಒಂದು ಒತ್ತಕ್ಷರ ತಿದ್ದಿದ್ದು ಬಿಟ್ಟರೆ ಏನೂ ಮಾಡಲಿಲ್ಲ. 'ಲಯ ಚೆನ್ನಾಗಿದೆ, ಕೆ.ಎಸ್.ನ. ಅವರನ್ನು ಓದು' ಎಂದು ಅಂಚಿನಲ್ಲಿ ಬರೆದಿದ್ದೆ. ಈ ಎರಡು ಪದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ, ಅದೂ ನನ್ನ ಬುದ್ಧಿಯಿಂದಲ್ಲ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ನಿಮಗೆಲ್ಲ ಗೊತ್ತೇ ಇದೆ. ಒಂದು ವರ್ಷ ನಾನೂ ನಮ್ಮ ಓರಗಿತ್ತಿಯೂ ಹೋಗಿದ್ದೆವು. ಕಚೇರಿ ಶುರುವಾಗುವುದು ತಡವಾಯಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತಿಗೆ ತೊಡಗಿದರು. ವೇದಿಕೆಯ ಮೇಲೆ ಹೆಂಗಸರು ಕೂತಿದ್ದನ್ನು ನೋಡಿ, "ಇವರೆಲ್ಲ ನಾಗರತ್ನಮ್ಮನಿಗೆ ಒಂದು ಹೂವಾದರೂ ಹಾಕಬೇಕಮ್ಮ" ಎಂದರು. ಬೆಂಗಳೂರು ನಾಗರತ್ನಮ್ಮ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ಹೆಂಗಸರಿಗೆ ಹಾಡಲು ಜಾಗವಿಲ್ಲದ ಆರಾಧನೆಯಲ್ಲಿ ಹೆಂಗಸರ ಗುಂಪು ಕಟ್ಟಿ ಹಾಡಿಸಿದವರು ಎಂದಷ್ಟೇ ನನಗೆ ಗೊತ್ತಿತ್ತು. "ಅದಿರಲಿ, ಆಕೆ ಒಂದು ಪುಸ್ತಕಕ್ಕಾಗಿ ಸರ್ಕಾರದ ಮೇಲೆ ನಿಂತವಳು, ಅದನ್ನು ಯಾರೂ ಹೇಳುವುದಿಲ್ಲ" ಎಂದರು ಅವರು. ಅಷ್ಟರಲ್ಲಿ ತಂಬೂರಿ ಮೀಟಿದರು. ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಅಲ್ಲಿ ಇಲ್ಲಿ ಹುಡುಕಿ ಓದಿದೆ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿಯ ಮಗಳು. ಬೆಂಗಳೂರಿನಲ್ಲಿ ಸಂಗೀತ ಕಲಿತು ಹೆಸರು ಮಾಡಿ ಆಮೇಲೆ ಮದರಾಸಿಗೆ ಹೋದರು. ಹನುಮಂತನಗರದ ಕುಮಾರಸ್ವಾಮಿ ಗುಡ್ಡವನ್ನು ಹಳಬರು ನರಹರಿರಾಯನ ಗುಡ್ಡ ಎನ್ನುತ್ತಾರೆ. ಮೌಂಟ್ ಜಾಯ್ ಎಂಬ ಹೆಸರೂ ಇದೆ. ಜಡ್ಜಿ ನರಹರಿರಾಯರ ಜೊತೆ ಸಂಜೆ ಅಲ್ಲಿಗೆ ಹೋಗುತ್ತಿದ್ದ ನಾಗರತ್ನಮ್ಮನ ಸಂತೋಷದಿಂದ ಆ ಹೆಸರು ಬಂತು ಎಂದು ಹೇಳುವವರಿದ್ದಾರೆ. ಆಡಿಕೃತ್ತಿಕೆಗೆ ಆ ಮೆಟ್ಟಿಲು ಎಷ್ಟು ಸಲ ಹತ್ತಿದ್ದೇನೆ! ಒಬ್ಬ ಹೆಂಗಸಿನ ಸಂತೋಷದ ಹೆಸರು ಹೊತ್ತ ಗುಡ್ಡ ನಮ್ಮೂರಿನಲ್ಲಿದೆ ಎಂದು ಯಾರೂ ಹೇಳಿರಲಿಲ್ಲ.

ಇನ್ನು ಪುಸ್ತಕದ ವಿಷಯ. ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿ, ಹದಿನೆಂಟನೆಯ ಶತಮಾನದಲ್ಲಿ, ಮುದ್ದುಪಳನಿ ಎಂಬ ಗಣಿಕೆ ಇದ್ದಳು. ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಕಾವ್ಯ ಬರೆದಳು. ನಾನು ಓದಿದ್ದು ಇಂಗ್ಲಿಷ್ ಅನುವಾದ. ರಾಧೆಯೇ ಮುಂದೆ ನಿಂತು ಇಳೆ ಎಂಬ ಹುಡುಗಿಯನ್ನು ಕೃಷ್ಣನಿಗೆ ಒಪ್ಪಿಸುತ್ತಾಳೆ, ಆಮೇಲೆ ತಾಳಲಾರದೆ ಉರಿಯುತ್ತಾಳೆ, ಕೊನೆಗೆ ಕೃಷ್ಣ ಬಂದು ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ. ಹೆಂಗಸಿನ ಆಸೆ, ಹೆಂಗಸಿನ ಸಿಟ್ಟು, ಇವೇ ಕಾವ್ಯದ ನಡುಮನೆಯಲ್ಲಿ ಕೂತಿವೆ. ಕಾವ್ಯದಲ್ಲಿ ಮುದ್ದುಪಳನಿ ತನ್ನ ವಂಶವನ್ನೂ ಹೇಳಿಕೊಂಡಿದ್ದಾಳೆ, ಅಜ್ಜಿ ತಂಜನಾಯಕಿಯನ್ನು ನೆನೆಯುತ್ತಾಳೆ. 1887ರಲ್ಲಿ ಅಚ್ಚು ಮಾಡಿದವರು ಕೆಲವು ಪದ್ಯಗಳ ಜೊತೆಗೆ ಈ ವಂಶದ ಭಾಗವನ್ನೂ ಬಿಟ್ಟರು. ಶೃಂಗಾರ ಬಿಟ್ಟದ್ದಕ್ಕೆ ಅವರಿಗೊಂದು ಕಾರಣವಾದರೂ ಇರಬಹುದು. ಅಜ್ಜಿಯನ್ನು ಯಾಕೆ ಬಿಡಬೇಕಿತ್ತು?

ನಾಗರತ್ನಮ್ಮ ಹಸ್ತಪ್ರತಿ ಸಂಪಾದಿಸಿ, ಅಚ್ಚಿನ ಪುಸ್ತಕದ ಜೊತೆ ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಸಂಸ್ಥೆಯಿಂದ ಹೊರತಂದರು. 1911ರಲ್ಲಿ ಸರ್ಕಾರ ಅದು ಅಶ್ಲೀಲವೆಂದು ಹೇಳಿ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಆ ಹೊತ್ತಿಗೆ ವಿಕ್ಟೋರಿಯಾ ರಾಣಿ ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೆ ಅವಳ ಕಾಲದ ಕಾನೂನಿಗೆ ಸಾವಿರಲಿಲ್ಲ. ಇಂಗ್ಲೆಂಡಿನಲ್ಲಿ 1857ರಲ್ಲಿ ಅಶ್ಲೀಲ ಪ್ರಕಟಣೆಗಳ ಕಾಯ್ದೆ, ನಮ್ಮಲ್ಲಿ 1860ರ ದಂಡಸಂಹಿತೆಯಲ್ಲಿ 292ನೆಯ ಕಲಂ. 1868ರಲ್ಲಿ ಅಲ್ಲಿನ ನ್ಯಾಯಾಲಯವೊಂದು, ಓದಿದರೆ ಕೆಡಬಹುದಾದ ಮನಸ್ಸುಗಳನ್ನು ಕೆಡಿಸುವಂತಿದ್ದರೆ ಅದು ಅಶ್ಲೀಲ ಎಂದು ಒಂದು ಅಳತೆಗೋಲು ಮಾಡಿತು. ಆ ಕೋಲನ್ನು ನಮ್ಮ ಸುಪ್ರೀಂ ಕೋರ್ಟು ಕೈಬಿಟ್ಟದ್ದು 2014ರಲ್ಲಿ. ಕೆಡಬಹುದಾದ ಮನಸ್ಸು ಎಂದರೆ ಯಾರದು ಎಂದು ಕೇಳಿದರೆ, ಹೆಂಗಸರದು, ಮಕ್ಕಳದು, ಕೂಲಿಗಳದು ಎಂದೇ ಅವರ ಎಣಿಕೆ. ನನ್ನ ತರಗತಿಯ ಹುಡುಗಿ ಈ ಮೂರರಲ್ಲಿ ಎರಡು, ಅವಳು ನೋಡಿದವನು ಮೂರನೆಯವನು.

ಇಲ್ಲಿಯವರೆಗೆ ನನಗೇನೂ ಆಶ್ಚರ್ಯವಾಗಲಿಲ್ಲ. ಪರಕೀಯ ಸರ್ಕಾರ, ಅದರ ಪೊಲೀಸರು, ಬೈದುಬಿಡುವುದು ಸುಲಭ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಹೆಸರು, ಕಂದುಕೂರಿ ವೀರೇಶಲಿಂಗಂ. 1881ರಲ್ಲಿ ರಾಜಮಹೇಂದ್ರಿಯಲ್ಲಿ ಊರೆಲ್ಲ ತಿರುಗಿಬಿದ್ದರೂ ವಿಧವಾ ವಿವಾಹ ಮಾಡಿಸಿದ ಮಹಾನುಭಾವರು. ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ನನ್ನಂಥವರು ಚಾಕ್‌ಪೀಸು ಹಿಡಿದು ನಿಂತಿರುವುದು ಅಂಥವರು ಬಿದ್ದ ಪಾಡಿನಿಂದಲೇ. ಅವರೇ ಮುದ್ದುಪಳನಿಯನ್ನು ನಡತೆಗೆಟ್ಟವಳೆಂದು ಜರೆದು, ಅವಳ ಪದ್ಯಗಳಲ್ಲಿ ಹಲವು ಹೆಂಗಸರ ಬಾಯಿಗಿರಲಿ, ಕಿವಿಗೂ ತಕ್ಕವಲ್ಲವೆಂದರು. ನಾಗರತ್ನಮ್ಮ ಮುನ್ನುಡಿಯಲ್ಲಿ ಉತ್ತರ ಕೊಟ್ಟರು. ನಾಚಿಕೆ ಎನ್ನುವುದು ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಉಂಟೋ ಎಂದು ಕೇಳಿದರು. ಇದಕ್ಕಿಂತ ಹೆಚ್ಚು ಶೃಂಗಾರವಿರುವ ಗಂಡಸರ ಕಾವ್ಯಗಳು ಮಾನ್ಯವಾಗಿರುವಾಗ ಇದಕ್ಕೇಕೆ ಈ ಗತಿ ಎಂದರು. ಅಂದರೆ ಜಡೆಯ ಪದ್ಯಕ್ಕೆ ಭೇಷ್, ಹೆಗಲಿನ ಪದ್ಯಕ್ಕೆ ಕೆಂಪು ಶಾಯಿ. ಓದುತ್ತಾ ಓದುತ್ತಾ ನನ್ನ ಕೈಬೆರಳುಗಳನ್ನೇ ನೋಡಿಕೊಂಡೆ.

ನಮ್ಮ ಬಿ.ಎ. ತರಗತಿಯಲ್ಲಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಒಂದು ಸಾನೆಟ್ ಇತ್ತು. ಗಂಡಸು ಹೆಣ್ಣನ್ನು ಹೊಗಳಲೆಂದೇ ಬೆಳೆದುಬಂದ ಆ ಸಾನೆಟ್ಟಿನಲ್ಲಿ ಆಕೆ ತಾನು ಒಲಿದವನನ್ನು ಕುರಿತು ಬರೆದಳು. ಆದರೆ 1850ರಲ್ಲಿ ಅಚ್ಚಾದಾಗ ಅವಕ್ಕೆ ಪೋರ್ಚುಗೀಸಿನಿಂದ ಬಂದ ಅನುವಾದಗಳೇನೋ ಎಂಬಂಥ ಹೆಸರು. ಬ್ರಾಂಟೆ ಅಕ್ಕತಂಗಿಯರು ಮೂವರು 1846ರಲ್ಲಿ ಕವನಸಂಗ್ರಹ ತಂದಾಗ ಹೆಣ್ಣೋ ಗಂಡೋ ತಿಳಿಯದಂಥ ಹೆಸರುಗಳ ಹಿಂದೆ ಅವಿತುಕೊಂಡರು. ಅದಕ್ಕೂ ಮುಂಚೆ, 1836ರಲ್ಲಿ, ಅವರ ಪೈಕಿ ಶಾರ್ಲಟ್ ತನ್ನ ಪದ್ಯಗಳನ್ನು ಆಸ್ಥಾನಕವಿ ಸದಿಯವರಿಗೆ ತೋರಿಸಿದ್ದಳು. ಆಗ ಅವಳೂ ಶಾಲೆಯ ಟೀಚರು, ಇಪ್ಪತ್ತರ ಹುಡುಗಿ. ಸಾಹಿತ್ಯ ಹೆಂಗಸಿನ ಬಾಳಿನ ಕಸುಬಾಗಲಾರದು, ಆಗಲೂಬಾರದು ಎಂದು ಅವರು ಬರೆದರು. ಒರಟಾಗಿ ಅಲ್ಲ, ತಂದೆಯಂತೆ, ಅವಳ ಒಳ್ಳೆಯದಕ್ಕೇ. ಅವಳು ಆ ಕಾಗದವನ್ನು ಹರಿದುಹಾಕಲಿಲ್ಲ. ಸದಾ ಇಟ್ಟುಕೊಳ್ಳತಕ್ಕದ್ದು ಎಂದು ಮೇಲೆ ಬರೆದು ಜೋಪಾನ ಮಾಡಿದಳು. ಬೈಗುಳವಾದರೆ ಮಾರನೆಯ ದಿನ ಮರೆತೇವು. ಹಿತವಚನವನ್ನು ಪೆಟ್ಟಿಗೆಯಲ್ಲಿಟ್ಟು ಕಾಯುತ್ತೇವೆ. ಅಧಿಕಾರ ಎಂದರೆ ದಂಡ ಹಿಡಿದು ಬರುವುದೆಂದೇ ನಾನು ತಿಳಿದಿದ್ದೆ. ತಲೆ ಸವರುತ್ತಲೂ ಬರುತ್ತದೆ.

ನಾಗರತ್ನಮ್ಮ ಹೇಳಿದ್ದೆಲ್ಲ ನನಗೆ ಒಪ್ಪಿಗೆ ಎಂದಲ್ಲ. ದೇವದಾಸಿ ಪದ್ಧತಿ ನಿಲ್ಲಿಸುವ ಮಾತು ಬಂದಾಗ ಅವರು ಎದುರು ನಿಂತರು. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತೆಂದು ನನ್ನ ಎಣಿಕೆ. ಎಷ್ಟು ಎಳೆಯ ಹುಡುಗಿಯರ ಬಾಳು ಅದರಲ್ಲಿ ಹೋಯಿತು! ಆದರೆ ಪದ್ಧತಿಯನ್ನು ಎಸೆಯುವ ಕೈ ಆ ಹೆಂಗಸರು ಬರೆದ ಕಾವ್ಯವನ್ನೂ ಜೊತೆಗೇ ಎಸೆಯಿತಲ್ಲ, ಅದಕ್ಕೆ ಏನು ಹೇಳೋಣ? ನಿಷೇಧ ತೆಗೆದದ್ದು 1947ರಲ್ಲಿ, ಮದರಾಸಿನಲ್ಲಿ ಟಂಗುಟೂರಿ ಪ್ರಕಾಶಂ ಪಂತುಲು ಅಧಿಕಾರದಲ್ಲಿದ್ದಾಗ. ಪುಸ್ತಕ 1952ರಲ್ಲಿ ಮತ್ತೆ ಅಚ್ಚಾಯಿತು. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ.

ನನ್ನ ಪರವಾಗಿ ಹೇಳುವುದೂ ಇದೆ, ಹೇಳದಿದ್ದರೆ ಸುಳ್ಳಾಗುತ್ತದೆ. 1998ರಲ್ಲಿ ಆ ಪದ್ಯ ಇದ್ದ ಹಾಗೇ ಪತ್ರಿಕೆಗೆ ಹೋಗಿದ್ದರೆ ಏನಾಗುತ್ತಿತ್ತು? ಅವಳ ತಂದೆ ಕೂರುತ್ತಿದ್ದ ಮಂಡಿಯ ಮುಂದೆಯೇ ಆ ಹಮಾಲಿ ಮೂಟೆ ಇಳಿಸುತ್ತಿದ್ದ. ಯಾರೋ ಒಬ್ಬರು ನಕ್ಕರೆ ಸಾಕಿತ್ತು. ಇನ್ನೊಬ್ಬ ಹುಡುಗಿಯ ನೋಟ್ ಪುಸ್ತಕದಲ್ಲಿ ಒಂದು ಚೀಟಿ ಸಿಕ್ಕಿತೆಂದು ಅವಳನ್ನು ಶಾಲೆ ಬಿಡಿಸಿ, ವರ್ಷದೊಳಗೆ ತಾಳಿ ಕಟ್ಟಿಸಿದ್ದನ್ನು ನಾನು ಕಂಡಿದ್ದೆ. ಹೆಂಗಸರಾದ ನಮಗೆ ಈ ಭಯ ಪುಸ್ತಕದಿಂದ ಬಂದದ್ದಲ್ಲ. ಹಾಗಾದರೆ ಶಾಯಿ ಎಳೆದದ್ದು ಸರಿಯೇ? ಪತ್ರಿಕೆಗೆ ಹಾಕದೆ, ಪದ್ಯವನ್ನು ಮಡಿಸಿ ಅವಳ ಕೈಗೇ ಕೊಟ್ಟು, 'ಚೆನ್ನಾಗಿದೆ, ನಿನ್ನ ಹತ್ತಿರ ಇಟ್ಟುಕೋ, ಇನ್ನೊಂದು ಬರಿ' ಎನ್ನಬಹುದಿತ್ತು. ಅಷ್ಟು ಸಣ್ಣ ದಾರಿ ನನಗೆ ಕಾಣಲಿಲ್ಲ. ಕಾಣಲಿಲ್ಲವೋ, ನೋಡಲಿಲ್ಲವೋ. ನಿಜ ಹೇಳಬೇಕೆಂದರೆ, ಆ ನಾಲ್ಕು ಸಾಲು ಓದಿದಾಗ ನನಗೆ ಮೊದಲು ಆದದ್ದು ಭಯವಲ್ಲ, ನಾಚಿಕೆ. ಅದೇ ಕಿಟಕಿ, ಅದೇ ಬೀದಿ. ನಾನೂ ಆ ಹೆಗಲನ್ನು ನೋಡಿದ್ದೆ. ಭಯ ಆಮೇಲೆ ಬಂತು, ನೆಪದ ಹಾಗೆ.

ಹೋದ ವರ್ಷ ದೀಪಾವಳಿಯ ಹಿಂದಿನ ವಾರ ಬಳೆಪೇಟೆಯಲ್ಲಿ ಅವಳು ಸಿಕ್ಕಿದಳು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿದ್ದಾಳೆ, ಜೊತೆಗೆ ಎತ್ತರಕ್ಕೆ ಬೆಳೆದ ಮಗಳು. ಜನರ ನಡುವೆಯೇ ಬಗ್ಗಿ ಕಾಲು ಮುಟ್ಟಿದಳು. ಅದೂ ಇದೂ ಮಾತಾಡಿದ ಮೇಲೆ ಧೈರ್ಯ ಮಾಡಿ, "ಈಗಲೂ ಪದ್ಯ ಬರೀತೀಯೇನಮ್ಮ?" ಎಂದೆ.

ಅವಳು ನಕ್ಕಳು. "ನಾನು ಪದ್ಯ ಬರೀತಿದ್ನಾ ಮಿಸ್?"

ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಹಳೆಯ ಪಾಠಟಿಪ್ಪಣಿಗಳ ನಡುವೆ ಆ ವರ್ಷದ ಕಟ್ಟು ಹಾಗೇ ಇತ್ತು. ಅವಳ ಹಾಳೆ ಸಿಕ್ಕಿತು. ನಾನು ಅಷ್ಟು ಒತ್ತಿ ಎಳೆದಿದ್ದೆನೆಂದು ಮರೆತೇಹೋಗಿತ್ತು; ಎರಡು ಕಡೆ ಕಾಗದ ಹರಿದಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ತಿರುಗಿಸಿ ಹಿಂಬದಿಯಿಂದಲೂ ನೋಡಿದೆ. 'ಹೆಗಲ' ಎನ್ನುವುದು ಕಂಡಿತು. ಅದರ ಮುಂದಿನ ಅಕ್ಷರ 'ಮ'ವೋ 'ವ'ವೋ ತಿಳಿಯುವಂತಿಲ್ಲ.