ಅರವಟ್ಟಿಗೆಯ ನೀರು ಯಾರಿಗೆ?

ಭರತ ಹುಣ್ಣಿಮೆಯ ದಿನಗಳಲ್ಲಿ ಮೈಲಾರದ ಕಾರಣಿಕವನ್ನು ಕೇಳಲು ಹಡಗಲಿಯ ಸೀಮೆಗೆ ಜನಸಮುದ್ರವೇ ಹರಿದುಬರುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದು ಮಾತಿನಲ್ಲಿ ರೈತನು ವರುಷದ ಮಳೆಬೆಳೆಯನ್ನು ಅರಸುತ್ತಾನೆ. ಅನಂತರ ಕೊಟ್ಟೂರಿನ ತೇರು. ಅಲ್ಲಿಗೆ ದಾವಣಗೆರೆಯ ಕಡೆಯಿಂದ ಕಾಲ್ನಡೆಯಲ್ಲಿ ಬರುವ ಭಕ್ತರಿಗೆ ದಾರಿಯಲ್ಲಿ ಅರವಟ್ಟಿಗೆಗಳು, ದಾಸೋಹದ ಚಪ್ಪರಗಳು. ನೀರು ಬೇಡಿದವನ ಕುಲವನ್ನಾಗಲಿ, ಅವನು ಹೊರಟ ಕಾರಣವನ್ನಾಗಲಿ ಅಲ್ಲಿ ಯಾರೂ ಕೇಳುವುದಿಲ್ಲ.

ಇದೇ ಸೀಮೆಯಿಂದ ಬೇರೊಂದು ಪಯಣವೂ ಹೊರಡುತ್ತದೆ. ಮಳೆ ಕೈಕೊಟ್ಟ ವರುಷ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳ ಹಳ್ಳಿ-ತಾಂಡಾಗಳ ಜನರು ಮುಂಗಡದ ಹಣಕ್ಕೆ ಕೊರಳೊಡ್ಡಿ ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತಾರೆ. 2020ರ ಮಾರ್ಚ್ 25ರಿಂದ ಕೊರೋನಾ ವ್ಯಾಧಿಯ ನಿಮಿತ್ತ ದೇಶವೇ ಸ್ತಬ್ಧವಾದಾಗ ಇಂಥ ಕೂಲಿಕಾರರು ಬಿಸಿಲಿನಲ್ಲಿ ತಮ್ಮ ಊರುಗಳತ್ತ ನಡೆದರು. ಬೆಂಗಳೂರಿನಿಂದ ಸಿಂಧನೂರಿನ ಕಡೆಗೆ ಹೊರಟಿದ್ದ ಹೆಂಗಸೊಬ್ಬಳು ಆ ಏಪ್ರಿಲ್ ತಿಂಗಳಿನಲ್ಲಿ ಬಳ್ಳಾರಿಯಲ್ಲಿ ಅಸುನೀಗಿದಳು. ಅನ್ನವಿಕ್ಕಿದ ಪುಣ್ಯವಂತರು ಆಗಲೂ ಇದ್ದರು, ನಿಜ. ಆದರೂ ಯಾತ್ರಿಕನನ್ನು ಶರಣಾರ್ಥಿಯೆಂದು ಎದುರುಗೊಳ್ಳುವ ನಾಡಿನಲ್ಲಿ ಕೂಲಿಯವನಿಗೆ ಮೊದಲು ಎದುರಾದುದು ‘ಎಲ್ಲಿಂದ ಬಂದೆ, ಚೀಟಿಯೆಲ್ಲಿ?’ ಎಂಬ ಪ್ರಶ್ನೆ.

ಈ ಭೇದವು ರಾಜ್ಯರಾಜ್ಯಗಳ ಗಡಿಯಲ್ಲಿ ಇನ್ನೂ ಕ್ರೂರವಾಗುತ್ತದೆ. ಮೆಕ್ಸಿಕೋ ಮತ್ತು ಅಮೆರಿಕ ದೇಶಗಳ ನಡುವಣ ಸೊನೋರಾ ಮರುಭೂಮಿಯಲ್ಲಿ 2019ರ ಜೂನ್‌ನಲ್ಲಿ ಭಾರತದ ಆರು ವರುಷದ ಹೆಣ್ಣುಮಗುವೊಂದು ಬಿಸಿಲ ಬೇಗೆಯಿಂದ ಸತ್ತಿತು. ತಾಯಿಯು ನೀರನ್ನರಸಿ ಹೋಗಿದ್ದಳು. ಅದೇ ಮರುಭೂಮಿಯಲ್ಲಿ, ಅಪ್ಪಣೆಯಿಲ್ಲದೆ ಗಡಿ ದಾಟಿದ್ದ ಇಬ್ಬರಿಗೆ ಅನ್ನ, ನೀರು, ನೆರಳನ್ನಿತ್ತ ಸ್ಕಾಟ್ ವಾರೆನ್ ಎಂಬ ಭೂಗೋಳದ ಉಪಾಧ್ಯಾಯನನ್ನು 2018ರಲ್ಲಿ ಸೆರೆಹಿಡಿದರು. 2019ರ ನವೆಂಬರ್‌ನಲ್ಲಿ ಪಂಚರು ಅವನನ್ನು ನಿರ್ದೋಷಿಯೆಂದು ಬಿಟ್ಟರು.

ರಾಜಾಜ್ಞೆಯನ್ನು ಮೀರಿ ಬಂದವನಿಗೆ ನೀರೆರೆಯುವುದು ಧರ್ಮವೇ? ನೀರು ದೊರೆವುದೆಂಬ ಭರವಸೆಯಿಂದ ಮತ್ತಷ್ಟು ಜನರು ಆ ದಾರಿ ಹಿಡಿಯುವರೆಂದು ಕೆಲವರು ವಾದಿಸುತ್ತಾರೆ. ಈ ವಾದವು ಹಗುರವಾದುದಲ್ಲ. ಹಣ ಪಡೆದು ಜನರನ್ನು ಮರಳುಗಾಡಿಗೆ ದೂಡುವ ದಲ್ಲಾಳಿಗಳು ಮಾರುವುದು ಇಂಥ ಭರವಸೆಯನ್ನೇ. ಆದರೆ ಬಚ್ಚಿಟ್ಟ ನೀರು ದಲ್ಲಾಳಿಯನ್ನು ದಂಡಿಸುವುದಿಲ್ಲ, ಮಗುವನ್ನು ದಂಡಿಸುತ್ತದೆ. ತಡೆಯುವುದು, ವಿಚಾರಿಸುವುದು, ಮರಳಿ ಕಳುಹಿಸುವುದು ಪ್ರಭುತ್ವದ ಕಾರ್ಯ. ಅದಕ್ಕಾಗಿ ಬಾಯಾರಿಕೆಯನ್ನು ಆಯುಧವಾಗಿಸಿಕೊಳ್ಳಲು ಶರಣಧರ್ಮವು ಸಮ್ಮತಿಸಲಾರದು.

ಶರಣರೇ ಪರಸ್ಥಳದವರಾಗಿ ಬಾಳಿದವರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜೀವಿಸಿದರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದ ಕ್ಷೋಭೆಯ ತರುವಾಯ ಚೆನ್ನಬಸವಣ್ಣನವರೊಡನೆ ಶರಣಗಣವು ಬೆನ್ನಟ್ಟಿದ ಸೈನ್ಯವನ್ನು ತಪ್ಪಿಸಿಕೊಂಡು ಉಳವಿಯ ಕಾಡಿಗೆ ಸಾಗಿತು. ಆ ದಾರಿಯಲ್ಲಿ ಅವರಿಗೆ ಒಂದು ತಂಬಿಗೆ ನೀರು ಕೊಟ್ಟವರಿದ್ದರೆ, ಅವರು ಅಂದಿನ ಪ್ರಭುತ್ವದ ಕಣ್ಣಿಗೆ ಅಪರಾಧಿಗಳೇ.

ತೇರು ಮುಗಿದೊಡನೆ ದಾರಿಯ ಚಪ್ಪರಗಳನ್ನು ಬಿಚ್ಚುವರು. ಗುಳೆಯ ಗಾಡಿಗಳು ಬೇಸಗೆಯುದ್ದಕ್ಕೂ ಓಡುತ್ತಿರುತ್ತವೆ. ಆ ಚಪ್ಪರಗಳನ್ನು ಇನ್ನೆರಡು ತಿಂಗಳು ನಿಲ್ಲಿಸಿದರೆ ನೀರಿಗೂ ಅಂಬಲಿಗೂ ಏನು ವೆಚ್ಚವಾದೀತೆಂಬುದನ್ನು ಮಠಗಳ ಸದ್ಭಕ್ತರು ಈ ವರುಷವೇ ಲೆಕ್ಕಹಾಕಿ ನೋಡಬಹುದು.